ನೀರಿನ ಎದುರು ನಡೆದ ಬರಹ: ಮಾನ್ವಿ ತಾಲೂಕಿನ ಒಂದು ಲೇಖನ ಐದು ಕರಡು ದಾಟಿದ ಪ್ರಕರಣ

ಇದು ಒಂದೇ ಒಂದು ಲೇಖನದ ಪ್ರಕರಣ. ರಾಯಚೂರು ಜಿಲ್ಲೆಯ ಮಾನ್ವಿ ತಾಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಒಂದು ಹಳ್ಳಿ. ಅಲ್ಲಿನ 26 ವರ್ಷದ ಪದವೀಧರೆಯೊಬ್ಬರು ಊರಿಗೆ ನೀರು ಬಾರದ ಬಗ್ಗೆ ಲೇಖನ ಬರೆದು ಎರಡು ಪತ್ರಿಕೆಗಳಿಗೆ ಕಳಿಸಿದರು. ಎರಡೂ ಕಡೆಯಿಂದ ಉತ್ತರ ಬರಲಿಲ್ಲ. ಮುಂದಿನ ಒಂಬತ್ತು ವಾರಗಳಲ್ಲಿ ಅದೇ ಲೇಖನವನ್ನು ಇನ್ನೂ ನಾಲ್ಕು ಸಲ ಬರೆದರು. ಈ ಲೇಖಕಿ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಹೊಸ ಬರಹಗಾರರ ಕರಡುಗಳಲ್ಲಿ ಮೇಲಿಂದ ಮೇಲೆ ಕಾಣುವ ತೊಡಕುಗಳನ್ನು ಒಂದು ಕಡೆ ತಂದು ಕಟ್ಟಿದ ಮಾದರಿ ಇದು. ಹಳ್ಳಿಯ ಅಂಕಿಗಳು, ಕರಡಿನ ಎಣಿಕೆಗಳು ಮಾದರಿಯವು. ಅಣೆಕಟ್ಟು, ಕಾಲುವೆ, ಅವುಗಳ ಲೆಕ್ಕ ಮಾತ್ರ ಇದ್ದದ್ದು ಇದ್ದಂತೆ.

ಮೊದಲ ಕರಡು

ಲೇಖಕಿಗೆ ಓದು ಕಡಿಮೆ ಇರಲಿಲ್ಲ, ವಿಷಯವೂ ದೂರದ್ದಲ್ಲ. ಮನೆಯ ಹಿತ್ತಲಿನಿಂದ ಕಾಲುವೆ ಕಾಣುತ್ತದೆ. ಹೀಗಿದ್ದೂ ಕರಡು ಶುರುವಾದದ್ದು ಹೀಗೆ:

"ನೀರು ಸಕಲ ಜೀವರಾಶಿಗಳಿಗೆ ಅತ್ಯಮೂಲ್ಯವಾದ ಸಂಪತ್ತಾಗಿದೆ. ರೈತನು ದೇಶದ ಬೆನ್ನೆಲುಬಾಗಿದ್ದಾನೆ. ಆದರೆ ಇಂದಿನ ದಿನಮಾನಗಳಲ್ಲಿ ಕಾಲುವೆಯ ಕೊನೆ ಭಾಗದ ರೈತರಿಗೆ ಸಮರ್ಪಕವಾಗಿ ನೀರು ಪೂರೈಕೆಯಾಗದೇ ಇರುವ ಹಿನ್ನೆಲೆಯಲ್ಲಿ ಅವರು ಸಂಕಷ್ಟವನ್ನು ಅನುಭವಿಸುವಂತಾಗಿದೆ."

ಇದರಲ್ಲಿ ಮೂರು ಅಚ್ಚುಗಳಿವೆ. ಮೊದಲ ಎರಡು ವಾಕ್ಯ ಪರೀಕ್ಷೆಯ ಪ್ರಬಂಧದ್ದು: ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಕೈಯಲ್ಲಿ ಇದು ತಾನೇ ತಾನಾಗಿ ಬರುತ್ತದೆ. ಅಲ್ಲಿ ಪೀಠಿಕೆಗೆ ಅಂಕವಿದೆ, ಓದುವವರು ಎದ್ದು ಹೋಗುವಂತಿಲ್ಲ. ಮೂರನೇ ವಾಕ್ಯದ "ಸಮರ್ಪಕ", "ಪೂರೈಕೆ" ಬಂದದ್ದು ತಹಶೀಲ್ದಾರರಿಗೆ ಕೊಡುವ ಮನವಿ ಪತ್ರದಿಂದ. "ಹಿನ್ನೆಲೆಯಲ್ಲಿ", "ಅನುಭವಿಸುವಂತಾಗಿದೆ" ಸುದ್ದಿ ವರದಿಯವು. ಈ ಮೂರೂ ತಮ್ಮ ತಮ್ಮ ಜಾಗದಲ್ಲಿ ಕೆಲಸ ಮಾಡುತ್ತವೆ. ಮನೆಯಲ್ಲಿ ಕೂತು ಮನಸ್ಸಿಟ್ಟು ಓದುವವರಿಗೆ ಬರೆಯುವಾಗ ಮೂರೂ ಕೈಕೊಡುತ್ತವೆ.

ಕರಡಿನಲ್ಲಿ ಒಟ್ಟು 1,180 ಪದ, 74 ವಾಕ್ಯ. ಕೆಂಪು ಪೆನ್ನಿನಿಂದ ವಾಕ್ಯದ ಕೊನೆಯ ಪದಗಳಿಗಷ್ಟೇ ಗೆರೆ ಎಳೆಯುತ್ತ ಹೋದಾಗ 31 ವಾಕ್ಯಗಳು "ಆಗಿದೆ", "ಲಾಗಿದೆ", "ವಂತಾಗಿದೆ"ಯಲ್ಲಿ ಮುಗಿದದ್ದು ಕಂಡಿತು. ಈ ಎಣಿಕೆಗೆ ಹತ್ತು ನಿಮಿಷ ಸಾಕು, ತಿದ್ದುವ ಕೆಲಸವನ್ನು ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ವಾಕ್ಯದ ಭಾರವೆಲ್ಲ ಅದರ ಮೇಲೆ ಕೂರುತ್ತದೆ. 74ರಲ್ಲಿ 31 ಸಲ ಆ ಜಾಗದಲ್ಲಿ ಯಾರೂ ಏನನ್ನೂ ಮಾಡುತ್ತಿಲ್ಲ ಎಂದರೆ ಬರಹ ನಿಂತ ನೀರು.

ಒಂದು ವಾಕ್ಯದ ಪರೀಕ್ಷೆ

ಸಾಮಾನ್ಯವಾಗಿ ಇಲ್ಲಿಂದಲೇ ಜನ ಪದ ಬದಲಿಸುವುದಕ್ಕೆ ಹೊರಡುತ್ತಾರೆ. "ಸಂಕಷ್ಟವನ್ನು ಅನುಭವಿಸುವಂತಾಗಿದೆ" ಹೋಗಿ "ಕಣ್ಣೀರಲ್ಲಿ ಕೈ ತೊಳೆಯುತ್ತಿದ್ದಾರೆ" ಬರುತ್ತದೆ. ಅದರಿಂದ ಬಣ್ಣ ಬದಲಾದೀತು, ವಾಕ್ಯ ಸರಿಹೋಗದು. ಈ ಪ್ರಕರಣದಲ್ಲಿ ಬೇರೆ ದಾರಿ ಹಿಡಿದದ್ದರಿಂದಲೇ ಲೇಖನ ಉಳಿಯಿತು. ಮೂರನೇ ವಾಕ್ಯವನ್ನು ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆದು, ಪ್ರತಿ ಪದದ ಕೆಳಗೆ ಒಂದು ಪ್ರಶ್ನೆ ಇಡಲಾಯಿತು.

"ಕಾಲುವೆಯ": ಯಾವ ಕಾಲುವೆ? ಮುಖ್ಯ ಕಾಲುವೆಯೋ, ವಿತರಣಾ ಕಾಲುವೆಯೋ, ಹೊಲಗಾಲುವೆಯೋ? "ರೈತರಿಗೆ": ಎಷ್ಟು ಮನೆ, ಎಷ್ಟು ಎಕರೆ? "ಸಮರ್ಪಕವಾಗಿ": ಎಷ್ಟು ಬಂದರೆ ಸಮರ್ಪಕ, ಬಂದದ್ದೆಷ್ಟು? "ಪೂರೈಕೆಯಾಗದೇ": ಬಿಡಬೇಕಾದವರು ಯಾರು, ತಡೆದವರು ಯಾರು? "ಸಂಕಷ್ಟ": ಹೋದದ್ದು ಬೆಳೆಯೋ, ಬೀಜದ ದುಡ್ಡೋ, ಎಮ್ಮೆಯೋ?

ಒಟ್ಟು ಒಂಬತ್ತು ಪ್ರಶ್ನೆ. ಲೇಖಕಿಗೆ ಉತ್ತರ ಗೊತ್ತಿದ್ದದ್ದು ಎರಡಕ್ಕೆ. ಇಡೀ ಪ್ರಕರಣದ ಗಂಟು ಇಲ್ಲಿದೆ. ವಾಕ್ಯ ಮಬ್ಬಾಗಿದ್ದು ಭಾಷೆ ಬಾರದ್ದಕ್ಕಲ್ಲ, ಮಾಹಿತಿ ಇರಲಿಲ್ಲವಾದ್ದಕ್ಕೆ. "ಪೂರೈಕೆಯಾಗದೇ ಇರುವ" ಎಂಬ ರೂಪ ಬಂದು ಆ ತೂತಿನ ಮೇಲೆ ಕಂಬಳಿ ಹೊದಿಸಿತ್ತು. ಕರ್ಮಣಿ ಪ್ರಯೋಗವು ಕೆಲಸ ಮಾಡುವವನನ್ನು ಮರೆಮಾಡುತ್ತದೆ. "ನೀರು ಬಿಡಲಾಗುವುದು ಎಂದು ತಿಳಿಸಲಾಗಿದೆ" ಎಂಬಲ್ಲಿ ಇಬ್ಬರು ಕಾಣೆಯಾಗಿದ್ದಾರೆ: ಬಿಡುವವರು, ತಿಳಿಸಿದವರು. ಬರೆಯುವವರಿಗೆ ಆ ಇಬ್ಬರು ಯಾರೆಂದು ಗೊತ್ತಿಲ್ಲದಾಗ ಈ ರೂಪ ತಾನಾಗಿ ಪೆನ್ನಿಗೆ ಬರುತ್ತದೆ. ಆದ್ದರಿಂದ ಸಪ್ಪೆ ವಾಕ್ಯ ಕಂಡರೆ ನಿಘಂಟು ತೆಗೆಯಬೇಡಿ, ಚಪ್ಪಲಿ ಮೆಟ್ಟಿ. ಮೊದಲು ಹೋಗಿ ಕೇಳಬೇಕು.

ಹೋಗಿ ಕೇಳಿದ್ದು

ಎರಡು ವಾರ ಬರವಣಿಗೆ ನಿಂತಿತು. 200 ಪುಟದ ಒಂದು ನೋಟ್‌ಬುಕ್. ಎಡಪುಟದಲ್ಲಿ ಕಂಡದ್ದು ಮತ್ತು ಕೇಳಿದ್ದು, ಬಲಪುಟದಲ್ಲಿ ತನಗೆ ಅನ್ನಿಸಿದ್ದು. ಎರಡನ್ನೂ ಒಂದೇ ಪುಟದಲ್ಲಿ ಬರೆದರೆ ಹದಿನೈದು ದಿನದ ಮೇಲೆ ಯಾವುದು ರೈತನ ಮಾತು, ಯಾವುದು ತನ್ನ ಊಹೆ ಎಂದು ಬೇರ್ಪಡಿಸಲು ಆಗುವುದಿಲ್ಲ. ಎಡಪುಟದ ಪ್ರತಿ ಟಿಪ್ಪಣಿಗೂ ದಿನ, ಹೊತ್ತು, ಜಾಗ ಕಡ್ಡಾಯ.

ಸಿಕ್ಕ ಸಾಮಗ್ರಿ ಇಷ್ಟು. ಎಡದಂಡೆ ಮುಖ್ಯ ಕಾಲುವೆಯ ಉದ್ದ ಸುಮಾರು 227 ಕಿ.ಮೀ. ಅಣೆಕಟ್ಟಿನಿಂದ ಹೊರಟ ನೀರು ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ಮಾನ್ವಿ, ರಾಯಚೂರಿನ ಕಡೆ ಬರಬೇಕು. ಯೋಜನೆ ಮಾಡಿದಾಗ ಈ ನೀರಿನ ದೊಡ್ಡ ಪಾಲು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರು ಬೇಡುವ ಹಗುರ ಬೆಳೆಗೆ ಎಂದು ಲೆಕ್ಕ ಹಾಕಿದ್ದರು. ಕಾಲುವೆಯ ಮೇಲ್ಭಾಗದಲ್ಲಿ ಆ ಹೊಲಗಳು ಗದ್ದೆಯಾದವು, ನೆಲ್ಲು ಬಂತು. ಜೊತೆಗೆ ಅಚ್ಚುಕಟ್ಟಿಗೆ ಸೇರದ ಜಮೀನಿಗೂ ಪಂಪು, ಪೈಪು ಬಿದ್ದವು. ಅಣೆಕಟ್ಟೂ ಹೂಳಿನಿಂದ ಕಿರಿದಾಗಿದೆ: ಮೊದಲು 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105ರ ಆಸುಪಾಸು. ಯಾವ ಕಾಲುವೆಗೆ ಎಷ್ಟು ದಿನ ನೀರು ಎಂದು ನೀರಾವರಿ ಸಲಹಾ ಸಮಿತಿ ಕೂತು ತೀರ್ಮಾನಿಸುತ್ತದೆ. ನೀರು ಎಲ್ಲಿವರೆಗೆ ಬಂತು ಎಂಬುದನ್ನು ಮೈಲುಗಲ್ಲಿನ ಗೇಜು, ಅಂದರೆ ನೀರಿನ ಮಟ್ಟ ಅಳೆಯುವ ಪಟ್ಟಿ, ಹೇಳುತ್ತದೆ.

ಅಳತೆಯಲ್ಲಿ ಒಂದು ತಪ್ಪು ನುಸುಳಿತ್ತು, ಈ ಭಾಗದ ಬರಹಗಳಲ್ಲಿ ಇದು ಬಹಳ ಸಾಮಾನ್ಯ. "ಕಾಲುವೆಯಲ್ಲಿ ಈಗ 3 ಟಿಎಂಸಿ ನೀರು ಹರಿಯುತ್ತಿದೆ" ಎಂದು ಲೇಖಕಿ ಬರೆದುಕೊಂಡಿದ್ದರು. ಟಿಎಂಸಿ ಎಂದರೆ ನೀರಿನ ಮೊತ್ತ, 100 ಕೋಟಿ ಘನ ಅಡಿ. ಹರಿವಿಗೆ ಬಳಸುವುದು ಕ್ಯೂಸೆಕ್, ಸೆಕೆಂಡಿಗೆ ಒಂದು ಘನ ಅಡಿ. 11,574 ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ ಒಂದು ಟಿಎಂಸಿ. ಇಂಥ ಅಂಕಿ ಬರೆಯುವಾಗ ಓದುಗನ ಕೈಗೆ ಏನಾದರೂ ಸಿಗಬೇಕು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ, ಹೆಚ್ಚುಕಡಿಮೆ ಎರಡು ಕೊಡ. "ತೂಬಿನಲ್ಲಿ ಅರ್ಧ ಕ್ಯೂಸೆಕ್" ಎನ್ನುವುದಕ್ಕಿಂತ "ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಕೊಡ" ಎಂದರೆ ಕೊಡ ಹೊತ್ತವರಿಗೆಲ್ಲ ತಿಳಿಯುತ್ತದೆ.

ಎರಡನೇ ಕರಡು: ತುಂಬಿ ತುಳುಕಿದ್ದು

ಟಿಪ್ಪಣಿ ಕೈಗೆ ಬಂದ ಮೇಲೆ ಬರುವ ಕಾಯಿಲೆ ಮೊದಲ ಕರಡಿನದಕ್ಕೆ ತದ್ವಿರುದ್ಧ. ಎರಡನೇ ಕರಡು 1,900 ಪದ. ಕಂಡದ್ದು, ಕೇಳಿದ್ದು ಎಲ್ಲವೂ ಒಳಗೆ. ಪ್ರಾಮಾಣಿಕ ಕರಡು ಅದು, ಆದರೆ ಓದಿಸಿಕೊಳ್ಳಲಿಲ್ಲ.

ಪರಿಹಾರಕ್ಕೆ ಬಳಸಿದ ಉಪಾಯ ಸರಳ: ಬರೆದು ಮುಗಿದ ಪ್ರತಿ ಪ್ಯಾರಾದ ಪಕ್ಕ "ಈ ಪ್ಯಾರಾ ಏನು ಹೇಳುತ್ತದೆ" ಎಂದು ಐದಾರು ಪದದಲ್ಲಿ ಬರೆದು, ಆ ಸಾಲುಗಳನ್ನಷ್ಟೇ ಬೇರೆ ಹಾಳೆಗೆ ಇಳಿಸುವುದು. 14 ಪ್ಯಾರಾಗಳಿಗೆ 14 ಸಾಲು ಬರಬೇಕಿತ್ತು. ಓದಿ ನೋಡಿದರೆ 3, 8 ಮತ್ತು 12ನೇ ಸಾಲು ಒಂದೇ: "ಕೊನೆ ಭಾಗಕ್ಕೆ ನೀರು ಬರುವುದಿಲ್ಲ". 6ನೆಯದಕ್ಕೆ ಸಾಲೇ ಹುಟ್ಟಲಿಲ್ಲ. ಅದು ಬರೀ ಕೋಪ. 9ನೆಯದು 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಹೋದ ಕಥೆ. ಚೈನ್ ತುಂಡಾದದ್ದು, ನದಿಗೆ ನೀರು ಧುಮ್ಮಿಕ್ಕಿದ್ದು, ನೀರು ಹರಿಯುತ್ತಿರುವಾಗಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಹಲಗೆ ಇಳಿಸಿದ್ದು ಎಲ್ಲ ಚೆನ್ನಾಗಿಯೇ ಬಂದಿತ್ತು. ಇಡೀ ಕರಡಿನಲ್ಲಿ ಅತ್ಯುತ್ತಮ ಗದ್ಯ ಅದೇ. ಅದನ್ನೇ ತೆಗೆಯಬೇಕಾಯಿತು. ಊರಿನ ತೂಬು ಒಣಗಿದ್ದು ಆ ಗೇಟಿನಿಂದಲ್ಲ, ಅದಕ್ಕೂ ಬಹಳ ವರ್ಷ ಹಿಂದಿನಿಂದ ಒಣಗಿದೆ. ಚೆನ್ನಾಗಿ ಬರೆದ ಪ್ಯಾರಾ ತಪ್ಪು ಜಾಗದಲ್ಲಿದ್ದರೆ ಓದುಗ ಅದನ್ನೇ ಕಾರಣವೆಂದು ಹಿಡಿಯುತ್ತಾನೆ. ಇದನ್ನು ಕತ್ತರಿಸಲು ಲೇಖಕಿಗೆ ನಾಲ್ಕು ದಿನ ಬೇಕಾಯಿತು, ಸಹಜ. ಅಂಥ ತುಣುಕುಗಳಿಗೆ ಒಂದು ಬೇರೆ ಫೈಲ್ ಇಟ್ಟುಕೊಂಡರೆ ಕೈ ನಡುಗುವುದು ಕಡಿಮೆಯಾಗುತ್ತದೆ.

ಇನ್ನೊಂದು ದೋಷ ಕ್ರಮದ್ದು. ಲೇಖನ ನೀರಿನ ಜೊತೆ ಹರಿದಿತ್ತು: ಅಣೆಕಟ್ಟು, ಮುಖ್ಯ ಕಾಲುವೆ, ಗಂಗಾವತಿ, ಸಿಂಧನೂರು, ಕೊನೆಗೆ ಊರು. ಓದುಗ ಊರು ಮುಟ್ಟುವಷ್ಟರಲ್ಲಿ 900 ಪದ ಆಗಿರುತ್ತಿತ್ತು. ಕಾಲುವೆಯ ನೀರಿನ ಹಾಗೆ ಓದುಗನೂ ಅಷ್ಟು ದೂರ ಬರುವುದಿಲ್ಲ. ಮೂರನೇ ಕರಡಿನಲ್ಲಿ ದಿಕ್ಕು ತಿರುಗಿತು. ಊರಿನ ಒಣ ತೂಬಿನಿಂದ ಶುರುಮಾಡಿ ನೀರಿನ ಎದುರು ನಡೆಯುವುದು. ತೂಬು ಯಾಕೆ ಒಣಗಿದೆ? ವಿತರಣಾ ಕಾಲುವೆಯಲ್ಲಿ ನೀರಿಲ್ಲ. ಅಲ್ಲಿ ಯಾಕಿಲ್ಲ? ಮೇಲ್ಭಾಗದ ಗದ್ದೆಗಳಲ್ಲಿ ನಿಂತಿದೆ. ಅಲ್ಲಿ ಯಾಕೆ ಗದ್ದೆ ಬಂತು? ಹೀಗೆ ಪ್ರತಿ ಪ್ಯಾರಾ ಹಿಂದಿನದಕ್ಕೆ ಕಾರಣವಾಗುತ್ತ ಅಣೆಕಟ್ಟಿನ ಹೂಳಿಗೆ ಹೋಗಿ ಮುಟ್ಟುತ್ತದೆ. "ಇದಲ್ಲದೆ", "ಅಷ್ಟೇ ಅಲ್ಲದೆ", "ಇನ್ನು" ಮುಂತಾದ ಕೊಂಡಿಗಳು ಹದಿನೇಳು ಇದ್ದವು. ಕ್ರಮ ಬದಲಾದ ಮೇಲೆ ಎರಡು ಉಳಿದವು. ಪ್ಯಾರಾಗಳ ನಡುವೆ ಕಾರಣದ ನಂಟು ಇದ್ದರೆ ಕೊಂಡಿ ಬೇಕಾಗುವುದಿಲ್ಲ.

ಯಾವ ಕನ್ನಡ?

ಮೂರನೇ ಕರಡಿನ ಜಗಳ ಭಾಷೆಯದ್ದು. ಮೊದಲ ಕರಡಿನಲ್ಲಿ ಎಲ್ಲರೂ "ಭತ್ತ"ವನ್ನು "ಬೆಳೆಯುತ್ತಿದ್ದರು", ರೈತರು ಕೂಡ "ನಮಗೆ ನೀರು ದೊರಕುತ್ತಿಲ್ಲ" ಎಂದು ಮಾತಾಡುತ್ತಿದ್ದರು. ಮಾನ್ವಿ, ಸಿಂಧನೂರಿನಲ್ಲಿ ಅದು ನೆಲ್ಲು. ಊರಿನ ಮಾತು ಬರೆಯಲು ಯೋಗ್ಯವಲ್ಲ ಎಂಬ ಅಳುಕು ಶಾಲೆಯಿಂದಲೇ ಅಂಟಿಕೊಂಡು ಬಂದಿರುತ್ತದೆ. 9ನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಂದು ಗುರುತಿಸಿದ ನಾಡಿನ ಎಲ್ಲೆಗಳಲ್ಲಿ ಕೊಪಣ, ಇಂದಿನ ಕೊಪ್ಪಳ, ಒಂದು. ಆ ಸೀಮೆಯವರಿಗೇ ತಮ್ಮ ಕನ್ನಡದ ಬಗ್ಗೆ ಹಿಂಜರಿಕೆ ಇರುವುದು ನೋವಿನ ಸಂಗತಿ.

ಅಳುಕು ಬಿಟ್ಟದ್ದೇ ತಡ, ಕರಡು ಇನ್ನೊಂದು ಅಂಚಿಗೆ ಹೋಯಿತು: "ನಮ್ಮೂರಾಗ ನೀರ ಬಂದಿಲ್ರೀ ಯಪ್ಪಾ, ಹ್ವಾದ ವರ್ಸಾನೂ ಹಿಂಗ, ಈ ವರ್ಸಾನೂ ಹಿಂಗ, ಏನ್ ಮಾಡೂದ್ರೀ ಯಪ್ಪಾ..." ನಾಲ್ಕು ಪ್ಯಾರಾ ಹೀಗೇ. ಪ್ರತಿ ಉಚ್ಚಾರವನ್ನೂ ಅಕ್ಷರಕ್ಕೆ ಇಳಿಸಿದರೆ ಓದುಗ ಮಾತು ಕೇಳುವುದನ್ನು ಬಿಟ್ಟು ಕಾಗುಣಿತ ಬಿಡಿಸುತ್ತ ಕೂರುತ್ತಾನೆ. ಅದಕ್ಕಿಂತ ಕೆಟ್ಟದ್ದೆಂದರೆ ಮಾತಾಡಿದವರು ನಾಟಕದ ಪಾತ್ರದಂತೆ ಕಾಣುತ್ತಾರೆ; ಹೇಳಿದ ವಿಷಯದ ತೂಕ ಹೋಗಿ ಹೇಳಿದ ರಾಗವಷ್ಟೇ ಉಳಿಯುತ್ತದೆ.

ಕೊನೆಗೆ ನಿಂತ ಪದ್ಧತಿ: ನಿರೂಪಣೆ ಬರಹದ ಕನ್ನಡದಲ್ಲಿ, ಆದರೆ ವಸ್ತುಗಳ ಹೆಸರು ಊರಿನವು: ನೆಲ್ಲು, ತೂಬು, ಪಾಳಿ, ಎರಿ ಹೊಲ, ಕ್ಯಾಂಪು. ಮೊದಲ ಸಲ ಬಂದಾಗ ಅರ್ಥ ಸಂದರ್ಭದಿಂದಲೇ ತಿಳಿಯುವಂತೆ ವಾಕ್ಯ ಕಟ್ಟಬೇಕು, ಕಂಸದಲ್ಲಿ ಅರ್ಥ ಕೊಡಬಾರದು. ಉದ್ಧರಣೆಯಲ್ಲಿ ಊರ ಮಾತು, ಆದರೆ ಕ್ರಿಯಾಪದದ ತುದಿ ಮತ್ತು ಒಂದೆರಡು ಪದ ಸಾಕು. ಉದ್ದದ ಅಳಲಿನ ಬದಲು ಒಂದೇ ಮಾತು ಉಳಿಯಿತು: "ಮ್ಯಾಲಿನವರದ್ದು ತುಂಬಿದ ಮ್ಯಾಲ ನಮ್ಮ ಪಾಳಿ. ನಮ್ಮ ಪಾಳಿ ಬಂದಾಗ ಕಾಲುವಿ ಬಂದ್ ಆಗಿರ್ತೈತಿ." ಎರಡು ವಾಕ್ಯದಲ್ಲಿ ವ್ಯವಸ್ಥೆಯ ದೋಷವೂ ಇದೆ, ದನಿಯೂ ಇದೆ.

ನಾಲ್ಕನೇ ಕರಡು: ಗಟ್ಟಿಯಾಗಿ ಓದಿದ್ದು

ವಾಕ್ಯ ತಿದ್ದುವ ಕೆಲಸ ಇಲ್ಲಿ ಬಂತು, ಬರಬೇಕಾದದ್ದೂ ಇಲ್ಲೇ. ಎರಡನೇ ಕರಡಿನಲ್ಲೇ ವಾಕ್ಯಗಳಿಗೆ ಪಾಲಿಶ್ ಹಾಕಿದ್ದರೆ ಅರ್ಧ ಶ್ರಮ ಕಸದ ಬುಟ್ಟಿಗೆ ಹೋಗುತ್ತಿತ್ತು. ಕರಡನ್ನು ಎರಡು ದಿನ ಮುಟ್ಟದೆ ಇಟ್ಟು, ಮುದ್ರಿಸಿ, ಗಟ್ಟಿಯಾಗಿ ಓದುತ್ತ ಉಸಿರು ಕಟ್ಟಿದಲ್ಲಿ ಪೆನ್ಸಿಲ್ ಗುರುತು ಹಾಕುವುದು. ಮೊಬೈಲ್ ಪರದೆಯ ಮೇಲೆ ಈ ಕೆಲಸ ಆಗುವುದಿಲ್ಲ; ಕಣ್ಣು ಜಾರುತ್ತದೆ.

ಗುರುತು ಬಿದ್ದ ವಾಕ್ಯಗಳಲ್ಲಿ ಒಂದು ಇದು:

"ಬೆಳಗ್ಗೆ ಎದ್ದು ಹೊಲಕ್ಕೆ ಹೋಗಿ ಕಾಲುವೆ ನೋಡಿ ನೀರು ಬಾರದಿರುವುದನ್ನು ಕಂಡು ಮೇಲ್ಭಾಗದವರನ್ನು ಕೇಳಿ ಅವರು ಕೊಟ್ಟ ಉತ್ತರದಿಂದ ಬೇಸತ್ತು ವಾಪಸ್ ಬಂದ ರೈತರು ಇಂಜಿನಿಯರ್ ಕಚೇರಿಗೆ ಹೋಗಿ ಮನವಿ ಸಲ್ಲಿಸಿದರು."

"ರೈತರು" ಎಂಬ ಕರ್ತೃಪದ ಬರುವುದು ಹದಿನೆಂಟನೆಯ ಪದವಾಗಿ. ಅಲ್ಲಿವರೆಗೆ ಎದ್ದವರು ಯಾರು, ಹೋದವರು ಯಾರು ಎಂದು ತಿಳಿಯದೆ ಓದುಗ ಎಲ್ಲವನ್ನೂ ಕೈಯಲ್ಲಿ ಹಿಡಿದು ನಿಂತಿರಬೇಕು. ಎದ್ದು, ಹೋಗಿ, ನೋಡಿ, ಕಂಡು, ಕೇಳಿ, ಬೇಸತ್ತು, ಮತ್ತೆ ಹೋಗಿ: ಏಳು ಕೃದಂತ ಅವ್ಯಯ, ಅಂದರೆ ವಾಕ್ಯ ಮುಗಿಸದ ಕ್ರಿಯಾರೂಪಗಳು. ಇಂಥ ಸರಪಳಿ ಕನ್ನಡದ ಸೊಗಸೂ ಹೌದು, ಕಥೆ ಹೇಳುವವರು ಬಾಯಲ್ಲಿ ಚೆನ್ನಾಗಿ ನಡೆಸುತ್ತಾರೆ. ಕಾಗದದ ಮೇಲೆ ಮೂರು ದಾಟಿದರೆ ಮುಗ್ಗರಿಸುತ್ತದೆ. ಮೊದಲ ತಿದ್ದುಪಡಿ:

"ರೈತರು ಬೆಳಗ್ಗೆ ಹೊಲಕ್ಕೆ ಹೋಗಿ ನೋಡಿದರು. ಕಾಲುವೆಯಲ್ಲಿ ನೀರಿಲ್ಲ. ಮೇಲಿನವರನ್ನು ಕೇಳಿದರೆ ಸರಿಯಾದ ಉತ್ತರ ಬರಲಿಲ್ಲ. ಅಲ್ಲಿಂದಲೇ ಇಂಜಿನಿಯರ್ ಕಚೇರಿಗೆ ಹೋಗಿ ಮನವಿ ಕೊಟ್ಟರು."

ಉಸಿರು ಸರಿಹೋಯಿತು. ವಾಕ್ಯ ಬಿಡಿಸಿದ ಮೇಲೆ ಹಳೆಯ ತೂತು ಬಯಲಾಯಿತು: "ಸರಿಯಾದ ಉತ್ತರ ಬರಲಿಲ್ಲ." ಹಾಗಾದರೆ ಬಂದ ಉತ್ತರ ಏನು? ಲೇಖಕಿ ಕೇಳಿರಲೇ ಇಲ್ಲ. ಉದ್ದ ವಾಕ್ಯದೊಳಗೆ ಅದು ಅಡಗಿ ಕೂತಿತ್ತು. ಮತ್ತೊಂದು ಸಲ ಹೋಗಿ, ಈ ಸಲ ಮೇಲ್ಭಾಗದ ಗದ್ದೆಯವರನ್ನು ಕೇಳಿದಾಗ ಸಿಕ್ಕ ಮಾತು: "ನಮ್ಮ ನೆಲ್ಲು ಈಗ ತೆನಿ ಬಿಡಾಕತ್ತೈತಿ. ಈಗ ತೂಬು ಮುಚ್ಚಿದ್ರ ನಮ್ಮ ಸಾಲ ಯಾರು ತೀರಸ್ತಾರ?"

ಲೇಖನ ಅಲ್ಲಿಗೆ ಬೇರೆಯಾಯಿತು. ಅದುವರೆಗೆ ಕೆಳಗಿನವರು ಬಡಪಾಯಿಗಳು, ಮೇಲಿನವರು ನೀರುಗಳ್ಳರು ಎಂಬ ಕಥೆ ಇತ್ತು. ಈಗ ಎರಡು ಕಡೆಯೂ ಸಾಲ, ನಡುವೆ ಒಂದು ಕಾಲುವೆ. ತಿದ್ದುವುದೆಂದರೆ ಅಲಂಕಾರ ಎಂದು ತಿಳಿದವರಿಗೆ ತೋರಿಸಬೇಕಾದ ಜಾಗ ಇದು. ಒಂದು ವಾಕ್ಯದ ಉಸಿರು ಸರಿಮಾಡಲು ಹೋಗಿ ಬರಹದ ನ್ಯಾಯವೇ ಬದಲಾಯಿತು.

ಉಳಿದ ತಿದ್ದುಪಡಿಗಳು ಸಣ್ಣವು. "ವತಿಯಿಂದ", "ಮುಖಾಂತರ", "ನಿಟ್ಟಿನಲ್ಲಿ" ಹೋದವು. "ತೊಂದರೆಯನ್ನು ಅನುಭವಿಸು" ತರಹದ ಜೋಡಿಗಳು ಒಂದೇ ಕ್ರಿಯಾಪದವಾದವು. ಚಿಕ್ಕ ವಾಕ್ಯದ ರುಚಿ ಹತ್ತಿ ಎಲ್ಲವನ್ನೂ ಐದು ಪದಕ್ಕೆ ಕತ್ತರಿಸಿದಾಗ ಹಳೆಯ ಕಾಲದ ಟೆಲಿಗ್ರಾಂ ಓದಿದಂತಾಗಿ, ಕೆಲವನ್ನು ಮತ್ತೆ ಜೋಡಿಸಬೇಕಾಯಿತು. ಕಳಿಸುವಾಗ ಇನ್ನೊಂದು ಎಚ್ಚರ: ಹಳೆಯ ನುಡಿ ಫಾಂಟ್‌ನಲ್ಲಿ ಹೊಡೆಸಿದ ಪ್ರತಿಯನ್ನು ಯೂನಿಕೋಡ್‌ಗೆ ಪರಿವರ್ತಿಸಿದಾಗ ಒತ್ತು ಮತ್ತು ಅರ್ಕಾವತ್ತು ಒಡೆಯುತ್ತವೆ. "ವರ್ಷ", "ಅರ್ಜಿ", "ಕಾರ್ಯ" ಇಂಥ ಪದಗಳನ್ನು ಹುಡುಕಿ ಒಂದೊಂದಾಗಿ ನೋಡಬೇಕು.

ಐದನೆಯದು, ಮತ್ತು ಉಳಿದ ಕೊರತೆ

ಕೊನೆಯ ಪ್ರತಿ 690 ಪದ. ಶುರು ಹೀಗೆ: "ನಮ್ಮೂರ ತೂಬಿನ ಬಾಯಲ್ಲಿ ಹಲ್ಲಿ ಮೊಟ್ಟೆ ಇಟ್ಟಿದೆ. ಕಳೆದ ಬೆಳೆಗೆ ಇಲ್ಲಿ 11 ದಿನ ನೀರು ಬಂತು. ಪಾಳಿಯ ಪ್ರಕಾರ ಬರಬೇಕಾದದ್ದು 24 ದಿನ." "ಸರ್ಕಾರ ಇತ್ತ ಗಮನ ಹರಿಸಬೇಕು" ಎಂಬ ಮುಕ್ತಾಯ ಹೋಗಿ, ಕಾಲುವೆ ಬಂದ್ ಆದ ದಿನದ ಗೇಜಿನ ಅಂಕಿಗೆ ಲೇಖನ ನಿಂತಿತು. ಮೂರನೇ ಪತ್ರಿಕೆ ಪ್ರಕಟಿಸಿತು.

ಕೊರತೆ ಇನ್ನೂ ಇದೆ. ಲೇಖಕಿ ತಮ್ಮ ತೀರ್ಮಾನ ಹೇಳಲು ಈಗಲೂ ಹೆದರುತ್ತಾರೆ. ಬಲಪುಟದ ಟಿಪ್ಪಣಿಗಳಲ್ಲಿ ಒಂದೂ ಲೇಖನಕ್ಕೆ ಬಂದಿಲ್ಲ. ಹಗುರ ಬೆಳೆಯ ಲೆಕ್ಕವನ್ನು ಇನ್ನೂ ಬಿಡಿಸಿ ಹೇಳಬಹುದಿತ್ತು.

ಕೈ ಹರಿಯಲು ವಾರಕ್ಕೆ ಆರು ದಿನ, ದಿನಕ್ಕೆ 20 ನಿಮಿಷದ ಅಭ್ಯಾಸ ನಡೆದಿದೆ. ಎರಡು ದಿನ ಕಂಡದ್ದರ ಹತ್ತು ಸಾಲು, ಒಂದೂ ಗುಣವಾಚಕ ಇಲ್ಲದೆ. ಎರಡು ದಿನ ಒಳ್ಳೆಯ ಗದ್ಯದ 150 ಪದವನ್ನು ಕೈಯಲ್ಲಿ ನಕಲು ಮಾಡಿ, ಮರುದಿನ ನೋಡದೆ ಬರೆದು, ಎರಡನ್ನೂ ಹೋಲಿಸುವುದು. ಬರೀ ನಕಲಿನಿಂದ ಅಕ್ಷರ ದುಂಡಗಾದೀತು ಅಷ್ಟೇ. ಮರುದಿನ ತಾನು ಎಲ್ಲಿ ಬೇರೆ ಪದ ಹಾಕಿದೆ, ಯಾಕೆ ಮೂಲದ್ದೇ ಮೇಲು ಎಂದು ನೋಡುವಲ್ಲಿ ಕಲಿಕೆ ಇದೆ. ಒಂದು ದಿನ ಯಾವುದಾದರೂ ಕಚೇರಿ ಪ್ರಕಟಣೆಯನ್ನು ಮಾಡುವವರ ಹೆಸರು ಹಾಕಿ ಮರುಬರೆಯುವುದು. ಒಂದು ದಿನ ಗಟ್ಟಿ ಓದು.

ಹೊಸ ಲೇಖನ ಹತ್ತಿ ಬಿಡಿಸಲು ಟಂಟಂ ಆಟೋದಲ್ಲಿ ಹೋಗುವ ಹೆಣ್ಣುಮಕ್ಕಳ ಬಗ್ಗೆ. ಮೊದಲ ಸಾಲು ಮತ್ತೆ ಹಳೆಯ ಅಚ್ಚಿನಲ್ಲೇ ಬಂದಿದೆ: "ಮಹಿಳೆಯರು ಸುರಕ್ಷತೆ ಇಲ್ಲದೆ ಪ್ರಯಾಣಿಸುವಂತಾಗಿದೆ." ಅದರ ಕೆಳಗೆ ಲೇಖಕಿಯದೇ ಪೆನ್ಸಿಲ್ ಅಕ್ಷರ: ಎಷ್ಟು ಗಂಟೆಗೆ ಬಿಡ್ತಾರೆ? ಒಂದು ಗಾಡಿಗೆ ಎಷ್ಟು ಮಂದಿ? ಬಾಡಿಗೆ ಯಾರದು, ಹೊಲದವರದೋ ಇವರದೋ? ಕೂಲಿ ದಿನಕ್ಕೋ, ಕಿಲೋಕ್ಕೋ? ತೂಕ ಹಿಡಿಯೋರು ಯಾರು?